ಹಳೇ ಡ್ರಮ್ಮಿಗೆ ಎಷ್ಟು ಕೊಡಬೇಕು: ಮಗಳಿಗೊಂದು ಪತ್ರ

ಮಂಡ್ಯ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮೆಸೇಜಿಗೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಮೂರು ಮಾತು ಆಡಿರುತ್ತೀಯ. ಅದಕ್ಕೇ ಈ ಕಾಗದ.

ನನಗೆ ಅರ್ಥವಾದದ್ದು ಇಷ್ಟು. ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ಮನೆ. ಬ್ಯಾಂಡ್ ಸೆಟ್ಟಿನಲ್ಲಿ ಬಾರಿಸುತ್ತಿದ್ದ ಯಜಮಾನರು ತೀರಿಕೊಂಡಿದ್ದಾರೆ. ಅಟ್ಟ ಖಾಲಿ ಮಾಡುವಾಗ ಸಿಕ್ಕ ಡ್ರಮ್ಮನ್ನು ಸೊಸೆ 3,500 ರೂಪಾಯಿಗೆ ಮಾರಾಟಕ್ಕಿಟ್ಟಿದ್ದಾಳೆ. ಡ್ರಮ್ಸ್ ಬಾರಿಸುವ ನಿನ್ನ ಲೆಕ್ಕದಲ್ಲಿ ಅದು ನಲವತ್ತು ಸಾವಿರಕ್ಕೆ ಮೋಸವಿಲ್ಲ. ‘ಬಾಯಿ ಬಿಡದೆ ದುಡ್ಡು ಕೊಟ್ಟು ತಂದರೆ ತಪ್ಪಾ ಅಪ್ಪ?’ ಅಂತ ಕೇಳಿದ್ದೀಯ.

ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಡ್ರಮ್ಮಿನ ಮೈಮೇಲೆ, ಮೇಲ್ಗಡೆ ಅಗಲ, ಕೆಳಗಡೆ ಕಿರಿದಾದ ಬಿಲ್ಲೆ, ಅದರಲ್ಲಿ ಲುಡ್ವಿಗ್ ಅನ್ನುವ ಹೆಸರು, ಕೆಳಗೆ ನಂಬರು. ಬಿಲ್ಲೆಯ ಸುತ್ತ ಕ್ರೋಮು ಅಲ್ಲಲ್ಲಿ ಸಾಸಿವೆಗಾತ್ರ ಉಬ್ಬಿ ಬಿರುಕು ಬಿಟ್ಟಿದೆ. ನೀನು ಹೇಳಿದ ಮೇಲೆ ನಾನೂ ಒಂದಷ್ಟು ಓದಿಕೊಂಡೆ. ಲುಡ್ವಿಗ್ ಅಣ್ಣತಮ್ಮಂದಿರು ಷಿಕಾಗೊದಲ್ಲಿ 1909ರಲ್ಲಿ ಶುರು ಮಾಡಿದ ಕಂಪನಿ. 1964ರ ಫೆಬ್ರವರಿ 9ರಂದು ಇಂಗ್ಲೆಂಡಿನ ಬೀಟಲ್ಸ್ ತಂಡದವರು ಅಮೆರಿಕದ ಟೀವಿಯಲ್ಲಿ ಹಾಡಿದಾಗ ಸುಮಾರು 7.3 ಕೋಟಿ ಜನ ನೋಡಿದರಂತೆ. ಅವರಲ್ಲಿ ಡ್ರಮ್ಮು ಬಾರಿಸುತ್ತಿದ್ದ ರಿಂಗೊ ಸ್ಟಾರ್ ಮುಂದಿದ್ದ ದೊಡ್ಡ ಡ್ರಮ್ಮಿನ ಮೇಲೆ ಇದೇ ಹೆಸರಿತ್ತು. ಅಲ್ಲಿಂದ ಆ ಕಂಪನಿಗೆ ಕೈತುಂಬ ಕೆಲಸ. ನೀನು ಹೇಳುವ ಸುಪ್ರಾಫೋನಿಕ್ ಸ್ನೇರ್, ಅಂದರೆ ತಳದಲ್ಲಿ ತಂತಿ ಬಿಗಿದ ಡ್ರಮ್ಮು, ಆ ಕಾಲದ್ದೇ: ಅಲ್ಯೂಮಿನಿಯಮ್ ಮೈ, ಮೇಲೆ ಕ್ರೋಮು. ಅಲ್ಯೂಮಿನಿಯಮ್ಮಿಗೆ ಕ್ರೋಮು ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ, ಅದಕ್ಕೇ ಆ ಬೊಕ್ಕೆ. ಈ ಬೊಕ್ಕೆಗೆ ಮುಂದೆ ಬರುತ್ತೇನೆ, ನೆನಪಿಟ್ಟುಕೊ.

ಆ ಹೆಣ್ಣುಮಗಳಿಗೆ ಬೆಲೆ ಗೊತ್ತಿಲ್ಲ ಅಂದರೆ ದಡ್ಡಿ ಅಂತಲ್ಲ. ಬ್ಯಾಂಡ್ ಸೆಟ್ಟಿನ ಲೆಕ್ಕವೇ ಬೇರೆ. ಮೆರವಣಿಗೆಯಲ್ಲಿ ಪೆಟ್ರೋಮ್ಯಾಕ್ಸ್ ಬೆಳಕಿಗೆ ಫಳಫಳ ಹೊಳೆದದ್ದೇ ಒಳ್ಳೇ ಡ್ರಮ್ಮು. ಹಳತಾದಂತೆ ಬೆಲೆ ಇಳಿಯುತ್ತೆ, ಬೊಕ್ಕೆ ಎದ್ದರೆ ಇನ್ನೂ ಇಳಿಯುತ್ತೆ. ಅವಳು ಮಾವ, ಗಂಡ ಮಾತಾಡಿದ್ದನ್ನು ಕೇಳಿ ಹೇಳಿದ ಬೆಲೆ ಆ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇದ್ದ ಊರು ಅದು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿ ಅನ್ನುವ ಪಾಶ್ಚಾತ್ಯ ಸಂಗೀತ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದವರು. ಇಂಥ ಊರಿನ ಅಟ್ಟಗಳಲ್ಲಿ ಏನೇನು ಕೂತಿದೆಯೋ. ಈ ಪ್ರಶ್ನೆ ನಿನಗೆ ಇನ್ನೂ ಎಷ್ಟೋ ಸಲ ಎದುರಾಗುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾನೂನು ಹೇಳಿ ಮುಗಿಸುತ್ತೇನೆ, ಯಾಕೆಂದರೆ ನೀನು ಅಲ್ಲಿಗೇ ಓಡುತ್ತೀಯ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ವಂಚನೆ ಅಂದರೆ ಏನು ಅಂತ ಹೇಳುತ್ತೆ. ಬರೀ ಸುಮ್ಮನಿದ್ದರೆ ವಂಚನೆಯಲ್ಲ ಅಂತ ಅದರ ವಿವರಣೆ. ಹೇಳುವ ಕರ್ತವ್ಯ ಇದ್ದಾಗ, ಅಥವಾ ಸುಮ್ಮನಿರುವುದೇ ಮಾತಾಡಿದ ಹಾಗೆ ಆದಾಗ ಮಾತ್ರ ವಂಚನೆ. ಅದಕ್ಕೆ ಕಾಯ್ದೆಯೇ ನಾಲ್ಕು ಉದಾಹರಣೆ ಕೊಟ್ಟಿದೆ. ಮೊದಲ ಮೂರು ಕಾಲಿಗೋ ಹೊಟ್ಟೆಗೋ ಏನೋ ಐಬಿರುವ ಕುದುರೆ ಮಾರುವವನದ್ದು. ಹರಾಜಿನಲ್ಲಿ ಹೇಳದೆ ಮಾರಿದ, ವಂಚನೆಯಲ್ಲ. ಕೊಳ್ಳುವವಳು ಈಗಷ್ಟೇ ವಯಸ್ಸಿಗೆ ಬಂದ ಸ್ವಂತ ಮಗಳಾದರೆ ಹೇಳಲೇಬೇಕು. ‘ನೀವು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ’ ಅಂದಮೇಲೆ ಬಾಯಿ ಮುಚ್ಚಿಕೊಂಡರೆ ಅದು ಮಾತಾಡಿದ ಹಾಗೇ. ನಾಲ್ಕನೆಯದು ನಿನಗೆ ಇಷ್ಟವಾಗುತ್ತೆ: ಇಬ್ಬರು ವರ್ತಕರು, ಬೆಲೆ ಬದಲಾದ ಸುದ್ದಿ ಒಬ್ಬನಿಗೆ ಮಾತ್ರ ಗೊತ್ತು, ಅವನು ಇನ್ನೊಬ್ಬನಿಗೆ ಹೇಳಬೇಕಾಗಿಲ್ಲ. ಅಂದರೆ ನೀನು ಬಾಯಿ ಬಿಡದೆ ಡ್ರಮ್ಮು ತಂದರೆ ಪೊಲೀಸರು ಬರುವುದಿಲ್ಲ. ಆದರೆ ಆ ಉದಾಹರಣೆಯಲ್ಲಿ ಇಬ್ಬರೂ ವರ್ತಕರು ಅನ್ನುವುದನ್ನು ಮರೀಬೇಡ. ಅಟ್ಟ ಖಾಲಿ ಮಾಡುತ್ತಿರುವ ಸೊಸೆ ಯಾವ ವ್ಯಾಪಾರ ಮಾಡುತ್ತಿದ್ದಾಳೆ?

ನಮ್ಮ ಬೆಲ್ಲದ ಮಂಡಿಯ ಲೆಕ್ಕ ನಿನಗೆ ಗೊತ್ತಿರುವುದೇ. ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ, ರೈತ ಗಾಡಿ ಇಳಿಸುವ ಹೊತ್ತಿಗೆ ಗುಜರಾತಿನ ಆರ್ಡರು ಜಾಸ್ತಿಯಾಗಿದೆ ಅಂತ ಖರೀದಿದಾರನಿಗೆ ಗೊತ್ತಿರುತ್ತೆ. ಅವನು ಅದನ್ನು ಮೈಕು ಹಿಡಿದು ಸಾರುವುದಿಲ್ಲ, ಸಾರು ಅಂತ ಯಾರೂ ಕೇಳುವುದೂ ಇಲ್ಲ. ಅವನ ಪಕ್ಕದಲ್ಲಿ ಇನ್ನೂ ಹತ್ತು ಜನ ಖರೀದಿದಾರರಿರುತ್ತಾರೆ, ಬೆಲೆ ತಾನೇ ಏರುತ್ತೆ. ಆದರೆ ದಲ್ಲಾಳಿಯಾದ ನಾನು ಸುಮ್ಮನಿರುವ ಹಾಗಿಲ್ಲ. ‘ಏನು ಬಾಳುತ್ತೆ ಅಣ್ಣ?’ ಅಂತ ರೈತ ನನ್ನನ್ನು ನೋಡಿದ ಗಳಿಗೆಯಿಂದ ನಾನು ಅವನ ಕಡೆಯವನು. ಅದಕ್ಕೇ ನನಗೆ ಕಮಿಷನ್ನು.

ಈಗ ನೀನೇ ಕಳಿಸಿದ ಸ್ಕ್ರೀನ್‌ಶಾಟ್ ಇನ್ನೊಮ್ಮೆ ತೆಗೆದು ನೋಡು. ನೀನು ಬೆಲೆಯ ಸಾಲು ನೋಡಿ ಖುಷಿಯಲ್ಲಿ ಕೆಳಗಿನ ಸಾಲು ಬಿಟ್ಟಿದ್ದೀಯ. ‘ನಮಗೆ ಇದರ ಬಗ್ಗೆ ಗೊತ್ತಿಲ್ಲ ಮೇಡಂ, ನೀವು ಬಾರಿಸೋರು, ನೋಡಿ ಸರಿಯಾಗಿ ಹೇಳಿ’ ಅಂತಿದೆ. ಅಲ್ಲಿಗೆ ನೀನು ಬರೀ ಖರೀದಿದಾರಳಲ್ಲ ಕಣವ್ವ. ಅವಳು ನಿನ್ನನ್ನು ದಲ್ಲಾಳಿ ಮಾಡಿಕೊಂಡಾಗಿದೆ. ದಲಾಲಿ ಬೇಕಾದರೆ ತಗೋ, ಮಾಲನ್ನೇ ನುಂಗಬೇಡ. ಆ ಸಾಲು ಇಲ್ಲದೇ ಹೋಗಿದ್ದರೆ? ಆಗಲೂ ನಾನು ಹೇಳು ಅಂತಲೇ ಅನ್ನುತ್ತಿದ್ದೆ, ಇಷ್ಟು ಗಟ್ಟಿಯಾಗಿ ಅಲ್ಲ ಅಷ್ಟೆ. ಅವಳ ಪಕ್ಕದಲ್ಲಿ ಇನ್ನೂ ಹತ್ತು ಜನ ಕೂಗುವವರಿಲ್ಲವಲ್ಲ.

ನಿನ್ನ ವಾದಗಳು ನನಗೆ ಗೊತ್ತು. ಹತ್ತು ವರ್ಷ ಕಲಿತ ವಿದ್ಯೆ, ಬಿಲ್ಲೆ ನೋಡಿ ಗುರುತಿಸುವ ಕಣ್ಣು, ಅದಕ್ಕೆ ಬೆಲೆ ಇಲ್ಲವಾ ಅನ್ನುತ್ತೀಯ. ಇದೆ. ನೀನು ನೋಡದೇ ಹೋಗಿದ್ದರೆ ಅದು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿತ್ತು, ಅದೂ ನಿಜ. ಅದಕ್ಕೆ ಒಂದು ಪಾಲು ಕೇಳು, ಸಂಕೋಚ ಬೇಡ. ಮಧ್ಯೆ ಉಳಿಯುವ ಮೂವತ್ತಾರೂವರೆ ಸಾವಿರವೂ ನಿನ್ನ ಕಣ್ಣಿನದೇ ಅಂದರೆ ನಾನು ಒಪ್ಪುವುದಿಲ್ಲ. ಡ್ರಮ್ಮನ್ನು ಇಷ್ಟು ವರ್ಷ ಜೋಪಾನ ಮಾಡಿದ್ದು ಆ ಮನೆಯವರು. ಇನ್ನೊಂದು, ‘ನಾನು ಮಾರುವುದಿಲ್ಲ, ಬಾರಿಸುತ್ತೇನೆ’ ಅಂತ. ಇದು ನಿನ್ನ ಮನಸ್ಸಿಗೆ ಸಮಾಧಾನ ತರುವ ಮಾತು, ಅವಳಿಗೆ ಏನೂ ತರುವುದಿಲ್ಲ. ನೀನು ಬಾರಿಸಿದರೂ ಮಾರಿದರೂ ಅವಳಿಗೆ ತಪ್ಪಿದ ದುಡ್ಡು ಅಷ್ಟೇ.

ಇನ್ನು ಬೊಕ್ಕೆಯ ಮಾತು. ನನಗೆ ನಿಜವಾಗಿ ಹೆದರಿಕೆ ಇರುವುದು ಇಲ್ಲೇ. ಸುಳ್ಳು ಹೇಳುವ ಹುಡುಗಿಯಲ್ಲ ನೀನು. ಆದರೆ ಚೌಕಾಸಿ ಮಾಡುವಾಗ ಕೈ ತಾನಾಗಿ ಆ ಬೊಕ್ಕೆಯ ಮೇಲೆ ಹೋಗುತ್ತೆ. ‘ನೋಡಿ, ಕ್ರೋಮು ಎದ್ದಿದೆ, ತಂತಿ ಹೋಗಿದೆ, ಚರ್ಮ ಬದಲಾಯಿಸಬೇಕು’ ಅಂತ ಶುರುವಾಗುತ್ತೆ. ಒಂದೂ ಸುಳ್ಳಲ್ಲ. ಆದರೆ ಅರುವತ್ತರ ದಶಕದ ಆ ಡ್ರಮ್ಮುಗಳಲ್ಲಿ ಬೊಕ್ಕೆ ಮಾಮೂಲು, ಅದರಿಂದ ನಾದಕ್ಕೆ ಕುಂದಿಲ್ಲ ಅಂತ ನಿನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ನಿಜವನ್ನೇ ಹೇಳಿ ಅವಳನ್ನು ತಪ್ಪು ದಾರಿಗೆ ಹತ್ತಿಸಿದಂತಾಯಿತು. ಸುಮ್ಮನಿದ್ದು ಕೊಂಡುಕೊಳ್ಳುವವನನ್ನಾದರೂ ನಾನು ಮನೆಗೆ ಕರೆದು ಕಾಫಿ ಕೊಟ್ಟೇನು. ಕುಂದು ಮಾತ್ರ ಎಣಿಸಿ ತೋರಿಸಿ, ಗುಣವನ್ನು ಜೇಬಿಗೆ ಹಾಕಿಕೊಂಡು ಹೋಗುವವನನ್ನು ಮಂಡಿಯಲ್ಲಿ ಯಾರೂ ಎರಡನೇ ಸಲ ಹತ್ತಿರ ಸೇರಿಸುವುದಿಲ್ಲ.

ಹಾಗಂತ ಇಂಟರ್ನೆಟ್ಟಿನಲ್ಲಿ ಕಂಡ ನಲವತ್ತು ಸಾವಿರವನ್ನೂ ಅವಳ ಕೈಗೆ ಎಣಿಸು ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ರೇಟು ಲಷ್ಕರ್ ಮೊಹಲ್ಲಾದ ರೇಟಲ್ಲ. ಇಲ್ಲಿಂದ ಅಲ್ಲಿಗೆ ಕಳಿಸುವ ಖರ್ಚು ಇದೆ, ರಿಪೇರಿ ಇದೆ, ಮೈಸೂರಿನಲ್ಲಿ ಅದನ್ನು ಆ ಬೆಲೆಗೆ ಕೊಳ್ಳುವವರನ್ನು ಹುಡುಕುವ ಕಷ್ಟ ಇದೆ. ಅವಳು ಕೂತಲ್ಲೇ ನಗದು ಸಿಗುತ್ತಲ್ಲ, ಅದಕ್ಕೂ ಒಂದು ಬೆಲೆ. ಇದನ್ನೆಲ್ಲ ಕಳೆದು ನಿಂತ ಮೊತ್ತದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಹೇಳಬೇಡ, ಮೇಲೆ ನಿನ್ನಿಷ್ಟ. ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅವಳ ಮುಂದಿಡು. ಹೆಸರು, ನಂಬರು, ಹೊರಗಡೆ ಇದು ಎಷ್ಟಕ್ಕೆ ಹೋಗುತ್ತೆ, ಯಾವ ಖರ್ಚು ಎಷ್ಟು, ಎಲ್ಲ ಇರಲಿ. ‘ನಾಳೆವರೆಗೆ ಯೋಚನೆ ಮಾಡಿ, ಮನೆಯವರನ್ನೂ ಕೇಳಿ’ ಅನ್ನು. ಅವಳು ಬೇರೆಯವರಿಗೆ ಮಾರಿದರೆ ಮಾರಲಿ. ನಿನ್ನ ಹೊಟ್ಟೆ ಉರಿಯುತ್ತೆ, ನನಗೂ ಸ್ವಲ್ಪ ಉರಿಯುತ್ತೆ, ತಡಕೋಬೇಕು.

ಗುಜರಿ ಅಂಗಡಿಯಲ್ಲಿ ಅದೇ ಡ್ರಮ್ಮು ಕಂಡರೆ ಏನು ಮಾಡಲಿ ಅಂತಲೂ ಕೇಳಿದ್ದೀಯ. ಕೊಂಡುಕೊ, ಬಾಯಿ ಬಿಡಬೇಡ. ಅವನು ವರ್ತಕ, ಮಾಲು ನೋಡಿ ಬೆಲೆ ಕಟ್ಟುವುದೇ ಅವನ ಕಸುಬು, ನೀನು ಮಾರಲು ಹೋದ ದಿನ ಅವನೂ ನಿನಗೆ ಹೇಳುವುದಿಲ್ಲ. ಆದರೆ ಅವನು ನೇರವಾಗಿ ‘ಇದು ಬೆಲೆಬಾಳುವ ಮಾಲಾ?’ ಅಂತ ಕೇಳಿದರೆ ‘ಇಲ್ಲ’ ಅನ್ನಬಾರದು. ‘ಅದನ್ನು ನಾನು ಹೇಳಲ್ಲ, ನಿಮ್ಮ ರೇಟು ಹೇಳಿ’ ಅನ್ನು, ಅವನಿಗೆ ಅರ್ಥವಾಗುತ್ತೆ. ನಿನ್ನಮ್ಮನಿಗೆ ಈ ಉತ್ತರ ಸರಿಬಂದಿಲ್ಲ. ಆ ಗುಜರಿಯವನೂ ಇಂಥದೇ ಯಾವುದೋ ಮನೆಯ ಸೊಸೆಯಿಂದ ತೂಕಕ್ಕೆ ತಂದಿರುತ್ತಾನೆ, ಮಧ್ಯದಲ್ಲಿ ಒಂದು ಅಂಗಡಿ ಬಂದ ಮಾತ್ರಕ್ಕೆ ತಪ್ಪು ಒಪ್ಪಾಗುತ್ತಾ ಅಂತ ಅವಳ ಪ್ರಶ್ನೆ. ರಾತ್ರಿ ಊಟದ ಹೊತ್ತಿಗೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ನನ್ನ ಮಾತನ್ನು ನಾನು ಬದಲಾಯಿಸಿಲ್ಲ, ಅವಳೂ ಬದಲಾಯಿಸಿಲ್ಲ. ನೀನು ಬಂದಾಗ ಯಾರ ಕಡೆ ಅಂತ ಹೇಳು.

ದುಡ್ಡು ಕಡಿಮೆ ಬಿದ್ದರೆ ಕೇಳು, ಕಳಿಸುತ್ತೇನೆ. ಹೊಸ ತಂತಿಗೆ, ಚರ್ಮಕ್ಕೆ ಎಷ್ಟಾಗುತ್ತೆ ಅಂತ ಬೆಂಗಳೂರಿನಲ್ಲೇ ಅಂಗಡಿಯಲ್ಲಿ ವಿಚಾರಿಸಿಕೊಂಡು ಹೋಗು. ಚೀಟಿಯಲ್ಲಿ ಅಂದಾಜಿನ ಲೆಕ್ಕ ಬರೆಯಬೇಡ.

ಇಂತಿ,
ನಿನ್ನ ಅಪ್ಪ