ಗಾಯಾಳುಗಳನ್ನು ಹೊತ್ತು ತಂದವರ ಮಾತೂ ಬರಲಿ

ಮಾನ್ಯರೇ,

ಪ್ರತಿ ಜುಲೈ 26ಕ್ಕೆ ಕದ್ರಿ ಗುಡ್ಡೆಯ ಯುದ್ಧ ಸ್ಮಾರಕದಲ್ಲಿ ಕಾರ್ಗಿಲ್ ವಿಜಯ ದಿನ ನಡೆಯುತ್ತದೆ. ಜಡಿಮಳೆಯಲ್ಲೂ ಕೊಡೆ ಹಿಡಿದು ಹೋಗುವವರಲ್ಲಿ ನಾನೂ ಒಬ್ಬ. ಭಾಷಣಗಳಲ್ಲಿ ಟೋಲೋಲಿಂಗ್, ಟೈಗರ್ ಹಿಲ್ ಬೆಟ್ಟಗಳು, ಬೋಫೋರ್ಸ್ ಫಿರಂಗಿ ಎಲ್ಲ ಬರುತ್ತವೆ. ಬರಲೇಬೇಕು. ಆದರೆ ಆ ಬೆಟ್ಟಗಳಲ್ಲಿ ಗುಂಡು ತಗಲಿ ಬಿದ್ದವರನ್ನು ಆಸ್ಪತ್ರೆಗೆ ಹೊತ್ತು ತಂದ ಹೆಲಿಕಾಪ್ಟರ್ ಪೈಲಟ್‌ಗಳ ಬಗ್ಗೆ ನಾನು ಕೇಳಿದ್ದು ತೀರಾ ಕಡಿಮೆ.

ಅವರು ಹಾರಿಸಿದ್ದು ಹೆಚ್ಚಾಗಿ ಚೀತಾ. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ಮುಂದೆ ಗಾಜಿನ ಬುರುಡೆಯಂತೆ ಕಾಣುವ, ಒಂದೇ ಎಂಜಿನ್ನಿನ ಪುಟ್ಟ ಹೆಲಿಕಾಪ್ಟರ್. ತಯಾರಾದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ತಿರುಗುವ ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನಿನ ಕಸುವೂ ಇಳಿಯುತ್ತದೆ. ಹಾಗಾಗಿ ಇಂಧನವನ್ನೂ ಅಳೆದು ತುಂಬಿಸಬೇಕು. ನಾಲ್ವರು ಬಿದ್ದಿದ್ದರೂ ಒಬ್ಬಿಬ್ಬರನ್ನಷ್ಟೇ ಹೊರಬಹುದು. ಉಳಿದವರಿಗಾಗಿ ಅದೇ ಕಣಿವೆಗೆ ಮತ್ತೆ ಬರಬೇಕು. ಎದುರಿನ ಬೆಟ್ಟದಲ್ಲಿ ಕೂತವನಿಗೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿರುತ್ತದೆ, ಅಲ್ವಾ? ಮೊದಲ ಸುತ್ತಿಗಿಂತ ಆ ಎರಡನೇ ಸುತ್ತನ್ನು ನೆನೆದರೇ ನನಗೆ ಮೈ ಜುಮ್ಮೆನ್ನುತ್ತದೆ.

ಅಪಾಯ ಗೊತ್ತಿಲ್ಲದೆ ಅವರೇನೂ ಹೋಗಲಿಲ್ಲ. 1999ರ ಮೇ 28ರಂದು ಟೋಲೋಲಿಂಗ್ ಬಳಿ ದಾಳಿಗೆ ಹೋಗಿದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರನ್ನು ಸ್ಟಿಂಗರ್ ಕ್ಷಿಪಣಿ ಉರುಳಿಸಿತು. ಒಳಗಿದ್ದ ನಾಲ್ವರೂ ತೀರಿಕೊಂಡರು. ಅದಾದ ಮೇಲೂ ಗಾಯಾಳುಗಳಿಗಾಗಿ ಚೀತಾಗಳು ಹಾರುತ್ತಲೇ ಇದ್ದವು. ಆ ಯುದ್ಧದಲ್ಲಿ ಚೀತಾ ಹಾರಿಸಿದವರಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಎಂಬ ಇಬ್ಬರು ಯುವತಿಯರೂ ಇದ್ದರು. ಸಿನಿಮಾ ಬಂದದ್ದರಿಂದ ಗುಂಜನ್ ಹೆಸರು ಎಲ್ಲರಿಗೂ ಗೊತ್ತು. ಶ್ರೀವಿದ್ಯಾ ನಮ್ಮ ಪಕ್ಕದ ಕೇರಳದವರು. ಅವರ ಹೆಸರನ್ನು ಇಲ್ಲಿ ಎಷ್ಟು ಜನ ಕೇಳಿದ್ದಾರೋ.

ಯುದ್ಧ ಮುಗಿದರೂ ಈ ಕೆಲಸ ಮುಗಿದಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿದ್ದ ಧಾರವಾಡ ಜಿಲ್ಲೆಯ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಾಗ ಅವರನ್ನು ಅಲ್ಲಿಂದ ಇಳಿಸಿದ್ದೂ ಹೆಲಿಕಾಪ್ಟರೇ. ಅವರು ಕೊನೆಗೂ ಉಳಿಯಲಿಲ್ಲ. ಇಡೀ ರಾಜ್ಯ ಟಿವಿ ಮುಂದೆ ಕೂತಿದ್ದ ಆ ಎರಡು ಮೂರು ದಿನ ನನಗಿನ್ನೂ ನೆನಪಿದೆ.

ಈ ಸಲ ಕದ್ರಿಯಲ್ಲಿ ಕಾರ್ಯಕ್ರಮ ಮಾಡುವವರಲ್ಲಿ ಒಂದು ವಿನಂತಿ. ನಮ್ಮ ಕರಾವಳಿಯಲ್ಲಿ ನಿವೃತ್ತ ಸೈನಿಕರಿಗೇನೂ ಬರವಿಲ್ಲ. ಅಂಥ ಹೆಲಿಕಾಪ್ಟರ್ ಹಾರಿಸಿದವರೋ, ಅದರಲ್ಲಿ ಮಲಗಿ ಬಂದು ಬದುಕಿದವರೋ ಇದ್ದರೆ ಹುಡುಕಿ ಕರೆಸಿ, ಮೈಕ್ ಅವರ ಕೈಗೆ ಕೊಡಿ. ಹತ್ತು ನಿಮಿಷ ಸಾಕು. ವೇದಿಕೆಯಲ್ಲಿ ಶಾಲು ಹೊದಿಸುವುದನ್ನು ಸ್ವಲ್ಪ ಕಡಿಮೆ ಮಾಡಿದರೆ ಆ ಹತ್ತು ನಿಮಿಷ ಸುಮ್ನೆ ಸಿಗುತ್ತದೆ.

— ಒಬ್ಬ ಓದುಗ, ಬಿಜೈ, ಮಂಗಳೂರು