ನೃತ್ಯಕ್ಕೆ ಮೊದಲು ನೆಲ ಸರಿಯಾಗಲಿ

ಮಾನ್ಯ ಸಂಪಾದಕರೇ,

ಊರಿನಲ್ಲಿ ನೃತ್ಯಕ್ಕೊಂದು ಜಾಗ ಬೇಕು ಎಂದ ಕೂಡಲೇ ಮಾತು ಪರದೆ, ದೀಪ, ಮೈಕಿನ ಕಡೆಗೆ ಹೊರಳುತ್ತದೆ. ಕಾಲ ಕೆಳಗಿನ ನೆಲದ ವಿಚಾರ ಯಾರಿಗೂ ನೆನಪಾಗುವುದಿಲ್ಲ. ಹಾಸನದಲ್ಲಿ ಭರತನಾಟ್ಯದ ಪಾಠ ನಡೆಯುವುದು ಹೆಚ್ಚಾಗಿ ಮನೆಯ ಮಹಡಿಯಲ್ಲಿ, ಇಲ್ಲವೇ ಶಾಲೆಯ ಹಾಲ್‌ನಲ್ಲಿ. ಎರಡೂ ಕಡೆ ಕಾಂಕ್ರೀಟ್, ಅದರ ಮೇಲೆ ಟೈಲ್ಸ್.

ಈ ಮಾತೆತ್ತಿದರೆ ಸಿದ್ಧ ಉತ್ತರವೊಂದಿದೆ: ‘ಶಾಂತಲೆ ಬೇಲೂರಿನಲ್ಲಿ ಕಲ್ಲಿನ ಮೇಲೆಯೇ ಕುಣಿಯಲಿಲ್ಲವೇ?’ ಅಲ್ಲಿನ ಗುಡಿಯ ಮಂಟಪವಾದ ನವರಂಗದ ನಡುವಿನ ದುಂಡು ಜಗಲಿ ಕಲ್ಲಿನದೇ, ಒಪ್ಪೋಣ. ಆದರೆ ಪಳಗಿದ ಕಾಲು ಸೇವೆ ಸಲ್ಲಿಸುವ ಜಾಗ ಬೇರೆ, ಎಂಟು ವರ್ಷದ ಮಗು ತಟ್ಟಡವು (ಪಾದ ತಟ್ಟಿ ಕಲಿಯುವ ಮೊದಲ ಅಡವು, ಅಂದರೆ ಹೆಜ್ಜೆಯ ಪಾಠ) ತಿದ್ದುವ ಜಾಗ ಬೇರೆ. ಲೆಕ್ಕ ಹಾಕಿ ನೋಡಿ. ಆದಿತಾಳದ ಒಂದು ಆವರ್ತದಲ್ಲಿ (ಸುತ್ತಿನಲ್ಲಿ) ಮೊದಲ ತಟ್ಟಡವಿಗೆ ಒಂದನೇ ಕಾಲದಲ್ಲಿ, ಅಂದರೆ ವೇಗದಲ್ಲಿ, 8 ತಟ್ಟು, ಎರಡನೆಯದರಲ್ಲಿ 16, ಮೂರನೆಯದರಲ್ಲಿ 32; ಒಟ್ಟು 56. ಹತ್ತು ಸಲ ಮಾಡಿಸಿದರೆ 560. ಅದೂ ಒಂದೇ ಅಡವಿಗೆ. ನಾಟಡವಿನಲ್ಲಂತೂ ಕಾಲು ಚಾಚಿ ಹಿಮ್ಮಡಿಯನ್ನೇ ಊರಬೇಕು. ಟೈಲ್ಸ್ ಆ ಪೆಟ್ಟನ್ನು ನುಂಗುವುದಿಲ್ಲ, ಎಲುಬಿಗೇ ವಾಪಸ್ ಕಳಿಸುತ್ತದೆ. ಮೊದಲು ಮೊಣಕಾಲಿನ ಕೆಳಗೆ, ಎಲುಬಿನ ಒಳ ಅಂಚಿನಲ್ಲಿ ನೋವು. ಗಮನಿಸದಿದ್ದರೆ ಕೂದಲೆಳೆಯ ಬಿರುಕು.

1936ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಮದರಾಸಿನಲ್ಲಿ ಕಲಾಕ್ಷೇತ್ರವೆಂಬ ನೃತ್ಯಶಾಲೆ ಕಟ್ಟಿದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಆಸ್ಥಾನ ನರ್ತಕಿಯಾಗಿದ್ದ ವೆಂಕಟಲಕ್ಷಮ್ಮನವರೇ ಅಲ್ಲಿ ಪಾಠ ಹೇಳಿದರು. ದೇಗುಲ, ಅರಮನೆಯಿಂದ ನೃತ್ಯ ತರಗತಿಗೆ ಬಂದದ್ದು ಹೀಗೆ. ಗುರುವಿನೆದುರು ಬೆರಳೆಣಿಕೆಯ ಶಿಷ್ಯರಿದ್ದ ಕಾಲ ಹೋಗಿ ಒಂದೊಂದು ಬ್ಯಾಚಿಗೆ ಮೂವತ್ತು ಮಕ್ಕಳಾದರು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ ಬಂದವು. 28 ಅಸಂಯುತ ಹಸ್ತಗಳ (ಒಂದೇ ಕೈಯ ಮುದ್ರೆಗಳ) ಶ್ಲೋಕವನ್ನು ತಡವರಿಸದೆ ಒಪ್ಪಿಸುವ ಮಗುವಿಗೆ ಮಂಡಿ ಹೊರಕ್ಕೆ ಮಡಿಸಿ ಅರ್ಧ ಕೂರುವ ಅರಮಂಡಿಯಲ್ಲಿ ತನ್ನ ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಬರಬೇಕೆಂಬುದು ಗೊತ್ತಿರುವುದಿಲ್ಲ. ಕಾಲು ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಪಾದವನ್ನಷ್ಟೇ ಅಡ್ಡಕ್ಕೆ ತಿರುಗಿಸಿ ಕೂತರೆ ಮಂಡಿ ಒಳಕ್ಕೆ ವಾಲುತ್ತದೆ, ಪಾದದ ಕಮಾನು ಕುಸಿಯುತ್ತದೆ. ಅಂಥ ಮಗುವಿಗೆ ‘ಇನ್ನೂ ಕೂರು’ ಎನ್ನಬಾರದು. ಪಾದಗಳ ಕೋನ ಕಡಿಮೆ ಮಾಡಿಸಬೇಕು.

ನೆಲಕ್ಕೆ ಕಾರ್ಪೆಟ್ ಹಾಸಿದರೆ ಸಾಲದು. ಅದು ಜಾರುತ್ತದೆ, ಬರಿಗಾಲಿನ ಬೆರಳು ಸಿಕ್ಕಿಕೊಳ್ಳುತ್ತದೆ. ಯೋಗದ ಮ್ಯಾಟ್ ಹಾಕಿದರೆ ಕಣಕಾಲು ಅಲುಗುತ್ತದೆ, ತಟ್ಟಿನ ಸದ್ದೂ ಸಾಯುತ್ತದೆ. ಪ್ಲೈವುಡ್ಡನ್ನು ನೇರ ಕಾಂಕ್ರೀಟಿನ ಮೇಲೆ ಕೂರಿಸಿದರೆ ಸದ್ದು ಚೆನ್ನ, ಪೆಟ್ಟು ಮಾತ್ರ ಹಾಗೆಯೇ. ಮರದ ಕೆಳಗೆ ಗಾಳಿ ಇರಬೇಕು. ಮೊದಲು ದಪ್ಪ ಪಾಲಿಥಿನ್ ಹಾಳೆ, ಅದರ ಮೇಲೆ ರಬ್ಬರ್ ತುಂಡುಗಳು, ಅವುಗಳ ಮೇಲೆ ಸುಮಾರು ಒಂದಡಿಗೊಂದರಂತೆ ರೀಪರ್ (ಮರದ ಪಟ್ಟಿ), ಮೇಲೆ 12 ಮಿ.ಮೀ. ಪ್ಲೈವುಡ್ ಎರಡು ಪದರ. ಕೆಳಪದರದ ಕೂಡು ಮೇಲ್ಪದರದ ಕೂಡಿನ ಕೆಳಗೆ ಬರಬಾರದು. 20×30 ಅಡಿಯ ಕೋಣೆಗೆ 8×4ರ ಹಾಳೆ ಪದರಕ್ಕೆ 19, ಕತ್ತರಿಸುವಾಗ ಹೋಗುವುದು ಸೇರಿ ಒಟ್ಟು 40 ಸಾಕು. ಮೊಳೆ ಬೇಡ, ಅದು ವರ್ಷದೊಳಗೆ ತಲೆಯೆತ್ತುತ್ತದೆ. ಸ್ಕ್ರೂ ಹಾಕಿ ತಲೆಯನ್ನು ಮರದೊಳಕ್ಕೆ ಇಳಿಸಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಗೋಡೆಯ ಬಳಿ ಅರ್ಧ ಇಂಚು ಬಿಡದಿದ್ದರೆ ನಡುಭಾಗ ಹೊಟ್ಟೆಯಂತೆ ಎದ್ದುಬಿಡುತ್ತದೆ. ಅಂದಕ್ಕೆಂದು ಹೊಳೆಯುವ ಪಾಲಿಶ್ ಹೊಡೆಸಿದರೆ ಬೆವರಿದ ಪಾದ ಜಾರುವುದು ಖಚಿತ.

ಇಷ್ಟು ಖರ್ಚು ಈಗಲೇ ಆಗದ ಕಡೆ ಪಾಠದ ಕ್ರಮವನ್ನಾದರೂ ಬದಲಿಸಬಹುದು. ತಟ್ಟುವ ಅಡವುಗಳನ್ನು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಉಳಿದ ಹೊತ್ತು ಕೂತು ತಾಳ, ಸೊಲ್ಲು (ಬಾಯಲ್ಲಿ ಹೇಳುವ ಲಯದ ಮಾತು), ಹಸ್ತ, ಅಭಿನಯ.

ಸಾರ್ವಜನಿಕ ಸಭಾಂಗಣ ಕಟ್ಟುವವರು, ದುರಸ್ತಿ ಮಾಡಿಸುವವರು ಅಂದಾಜುಪಟ್ಟಿಯಲ್ಲಿ ಈ ನೆಲವನ್ನೂ ಬರೆಸಲಿ. ಹಾಕಿಸಿದ ಮೇಲೆ ಅದರ ಮೇಲೆ ಕಬ್ಬಿಣದ ಕುರ್ಚಿ ಎಳೆಯಲು, ಊಟದ ಪಂಕ್ತಿ ಹಾಕಲು ಬಿಡದಿರಲಿ.

– ಭರತನಾಟ್ಯ ಶಿಕ್ಷಕರು, ಹಾಸನ