ಚೀಲದ ಮೇಲಿನ ‘ಸಾವಯವ’ ಪದ ಯಾಕೆ ತೆಗೆದೆವು

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಯುಗಾದಿ ಮುಂದೆ ಬಂದ ಹೊಸ ಜೋಳದ ಚೀಲ ನೋಡಿರಬಹುದು. ಮೊದಲು ಅದರ ಮೇಲೆ ದೊಡ್ಡ ಹಸಿರು ಅಕ್ಷರದಲ್ಲಿ ‘ಸಾವಯವ’ ಅಂತ ಇರುತ್ತಿತ್ತು. ಈ ಸಲ ಇಲ್ಲ. ವಿಜಯಪುರದ ನಮ್ಮ ಅಂಗಡಿಗೆ ಬಹಳ ವರ್ಷದಿಂದ ಬರುವ ಒಬ್ಬ ಅಮ್ಮ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಯಾಕಪಾ, ನೀವೂ ಸರ್ಕಾರಿ ಗೊಬ್ಬರ ಹಾಕಾಕ ಹತ್ತೀರೇನು?” ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇವೆ.

ರಾಸಾಯನಿಕ ಗೊಬ್ಬರ ಹಾಕಿಲ್ಲ. ಹೊಲದಲ್ಲಿ ಮೊದಲಿಗಿಂತ ಬಿಗಿಯಾಗಿದ್ದೇವೆ. ಪದ ಬಿಟ್ಟಿದ್ದೂ ಅದಕ್ಕೇ.

ನಮ್ಮ ಗುಂಪು ಪರಂಪರಾಗತ ಕೃಷಿ ವಿಕಾಸ ಯೋಜನೆಗೆ ಸೇರಿದೆ. ಇದು ಕೇಂದ್ರ ಸರ್ಕಾರ 2015-16ರಲ್ಲಿ ಶುರು ಮಾಡಿದ್ದು. ಅಕ್ಕಪಕ್ಕದ ಹೊಲದವರನ್ನು ಕೂಡಿಸಿ ಮೂರು ವರ್ಷ ನೆರವು ಕೊಡುತ್ತಾರೆ. ಇದರಲ್ಲಿ ಪಿಜಿಎಸ್ ಅನ್ನುವ ಪದ್ಧತಿ ಇದೆ. ರೈತರೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರೀಕ್ಷೆ ಮಾಡಬೇಕು. ರಾಸಾಯನಿಕ ಬಿಟ್ಟು ಹೊಲ ಸುಧಾರಿಸುವ ತನಕ ‘ಪಿಜಿಎಸ್ ಗ್ರೀನ್’ ಅನ್ನಬಹುದು. ಆ ಅವಧಿ ಪೂರ್ತಿಯಾಗಿ ಒಪ್ಪಿಗೆ ಸಿಕ್ಕ ಮೇಲೆಯೇ ‘ಪಿಜಿಎಸ್ ಆರ್ಗ್ಯಾನಿಕ್’, ಅಂದರೆ ಸಾವಯವ. ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ.

ಪರೀಕ್ಷೆ ಅಂದರೆ ಸುಮ್ನೆ ಸಹಿ ಹಾಕುವುದು ಅಂದುಕೊಂಡಿದ್ದೆವು. ಮೊದಲು ನೋಡಿದ್ದು ನನ್ನದೇ ಹೊಲ. ಬದುವಿನ ಆಚೆ ಪಕ್ಕದ ಹೊಲದವರ ತೊಗರಿ. ಹಿಂದಿನ ದಿನವೇ ಅವರು ಕಾಯಿಕೊರಕ ಹುಳಕ್ಕೆ ಎಣ್ಣೆ (ಕೀಟನಾಶಕ) ಹೊಡೆದಿದ್ದರು. ನಮ್ಮ ಗುಂಪಿನ ಹಿರಿಯರೊಬ್ಬರು ಬದುವಿನಿಂದ ಒಳಗೆ ಒಂದೊಂದೇ ಸಾಲು ದಾಟುತ್ತ, ಜೋಳದ ಎಲೆ ಹರಿದು ಮೂಸಿ ನೋಡುತ್ತ ಬಂದರು. ಹನ್ನೆರಡನೆಯ ಸಾಲಿನ ತನಕ ವಾಸನೆ ಇತ್ತು. “ಇಷ್ಟು ಬಿಡಬೇಕು ತಮ್ಮಾ” ಅಂದರು. ಆ ಹನ್ನೆರಡು ಸಾಲಿನ ತೆನೆ ಬೇರೆ ಮುರಿದು, ಬೇರೆ ರಾಶಿ ಮಾಡಿ, ಎಪಿಎಂಸಿಗೆ ಹಾಕಿದೆ. ಮೊದಲಿನ ವರ್ಷಗಳಲ್ಲಿ ಅದೂ ನಿಮ್ಮ ಚೀಲಕ್ಕೇ ಬರುತ್ತಿತ್ತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೆ ನಿಮಗೆ ಗೊತ್ತಿರಬೇಕು.

ಇನ್ನೊಬ್ಬರ ಹೊಲ ಚೊಕ್ಕ ಇತ್ತು. ಆದರೆ ಕಾಳಿನ ಕೋಣೆಯಲ್ಲಿ ನುಸಿಗೆ ಇಡುವ ಗುಳಿಗೆ ಡಬ್ಬಿ ಸಿಕ್ಕಿತು. ಗುಳಿಗೆ ಹಾಕಿದರೆ ಹೊಲದಲ್ಲಿ ಪಟ್ಟ ಕಷ್ಟವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಅಲ್ವಾ? ಈಗ ಗುಂಪಿನ ಯಾರ ಮನೆಯಲ್ಲೂ ಅದು ಇಲ್ಲ.

ಕಾನೂನಿನ ಮಾತೂ ಇದೆ. 2017ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ‘ಸಾವಯವ’ ಅಂತ ಮಾರಲು ಎನ್‌ಪಿಒಪಿ (ಕೇಂದ್ರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಇಲ್ಲವೇ ಪಿಜಿಎಸ್ ಪ್ರಮಾಣಪತ್ರ ಬೇಕು. ಸಣ್ಣ ರೈತ ತಾನೇ ಗ್ರಾಹಕರ ಕೈಗೆ ಮಾರಿದರೆ ವಿನಾಯಿತಿ ಇದೆ. ನಾವು ಬೇರೆ ಅಂಗಡಿಗಳಿಗೂ ಕೊಡುವುದರಿಂದ ಅದರ ಆಸರೆ ತೆಗೆದುಕೊಳ್ಳಲಿಲ್ಲ.

ಇನ್ನು ದರ. ಜೋಳ ಕೆಜಿಗೆ 6 ರೂಪಾಯಿ, ಹಿಟ್ಟು 8 ರೂಪಾಯಿ ಜಾಸ್ತಿಯಾಗಿದೆ. ಸರ್ಕಾರದ ನೆರವು ಇರುವಾಗ ದರ ಯಾಕೆ ಏರಿಸಿದಿರಿ ಅಂತ ಕೇಳುತ್ತೀರಿ. ಲೆಕ್ಕ ಹೀಗಿದೆ. ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ. ಅದರಲ್ಲಿ ರೈತನ ಖಾತೆಗೆ ನೇರವಾಗಿ ಬರುವುದು 15,000. ಉಳಿದದ್ದು ತರಬೇತಿ, ಪ್ರಮಾಣಪತ್ರ, ಮಾರಾಟದಂಥ ಕೆಲಸಕ್ಕೆ. ಖಾತೆಗೆ ಬರುವುದನ್ನು ಎಕರೆಗೆ ಬಿಡಿಸಿದರೆ ವರ್ಷಕ್ಕೆ ಸುಮಾರು 2,000 ರೂಪಾಯಿ. ಕಳೆನಾಶಕ ಬಿಟ್ಟ ಮೇಲೆ ಎಡೆ ಹೊಡೆಯಬೇಕು, ಕಸ ತೆಗೆಯಲು ಆಳು ಹಚ್ಚಬೇಕು. ಆಳಿನ ಕೂಲಿಗೇ ಅದು ಸಾಲುವುದಿಲ್ಲ. ಮೊದಲ ವರ್ಷಗಳಲ್ಲಿ ಇಳುವರಿಯೂ ಇಳಿಯುತ್ತದೆ. ನಮ್ಮ ರಾಜ್ಯ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತ್ತು, ಅದರ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ರೈತ ಸಾವಯವ ಕೈಬಿಡುವುದು ಈ ಮೊದಲ ವರ್ಷಗಳಲ್ಲೇ. ಜಾಸ್ತಿ ಆಸರೆ ಬೇಕಾಗಿರುವುದೂ ಆಗಲೇ. ಸದ್ಯ ಆ ಕೊರತೆಯ ಒಂದು ಪಾಲನ್ನು ನಿಮ್ಮ ಮೇಲೆ ಹಾಕಿದ್ದೇವೆ. ತೊಗರಿ ಬೇಳೆ, ಕಡಲೆ, ಕುಸುಬಿ ಎಣ್ಣೆ ಹಳೆ ದರದಲ್ಲೇ ಸಿಗುತ್ತವೆ.

ಗುಳಿಗೆ ಇಲ್ಲದ ಕಾಳು, ಹಾಗಾಗಿ ಮಳೆಗಾಲದಲ್ಲಿ ನುಸಿ ಬೀಳಬಹುದು. 25 ಕೆಜಿ ಚೀಲ ನಿಲ್ಲಿಸಿ 5 ಮತ್ತು 10 ಕೆಜಿ ಚೀಲ ಮಾಡಿದ್ದೇವೆ. ತಂದ ಮೇಲೆ ಒಂದು ದಿನ ಒಳ್ಳೆ ಬಿಸಿಲಿಗೆ ಹಾಕಿ. ಆರಿದ ಮೇಲೆ ಒಣ ಬೇವಿನ ಸೊಪ್ಪು ಇಟ್ಟು ಡಬ್ಬಿಗೆ ತುಂಬಿ. ಹಿಟ್ಟು ಎರಡು ವಾರಕ್ಕಾಗುವಷ್ಟೇ ಒಯ್ಯಿರಿ. ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಹರಿಯುತ್ತದೆ.

‘ಡೋಣಿ ಹರಿದರೆ ಓಣೆಲ್ಲ ಜೋಳ’ ಅನ್ನುವ ಆ ಡೋಣಿ ನದಿಯ ದಂಡೆಯಲ್ಲೇ ನಮ್ಮ ಹೊಲಗಳು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಲು ನೀವೂ ಬನ್ನಿ. ಬದುವಿನ ಆ ಹನ್ನೆರಡು ಸಾಲು ತೋರಿಸುತ್ತೇವೆ, ಬೇಕಾದರೆ ನೀವೇ ಎಲೆ ಮೂಸಿ ನೋಡಿ.

ಮನೆಯಲ್ಲಿ ‘ಸಾವಯವ’ ಅಂತ ಬರೆದ ಹಳೆ ಚೀಲ ಇದ್ದು, ಅದು ಬೇಡ ಅನಿಸಿದರೆ ಅಂಗಡಿಗೆ ತನ್ನಿ. ಬಿಚ್ಚಿದ್ದರೂ ಪರವಾಗಿಲ್ಲ, ಪೂರ್ತಿ ದುಡ್ಡು ವಾಪಸ್ ಕೊಡುತ್ತೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ, ಜೋಳದ ರೈತರ ಗುಂಪಿನ ಪರವಾಗಿ
ವಿಜಯಪುರ